ಕುಸ್ವಾರ್ ಬಾಕ್ಸ್: ಚಕ್ಕುಲಿ ಚೆನ್ನಾಗಿದೆ, ಕಿಡ್ಯೊ ನಮ್ಮದಲ್ಲ

ಅಮ್ಮನಿಗೆ ಮೊಣಕಾಲು ನೋವು ಜಾಸ್ತಿಯಾಗಿ ಈ ಸಲ ಒಲೆ ಮುಂದೆ ನಿಲ್ಲಲು ಆಗಲಿಲ್ಲ. ಹಾಗಾಗಿ ನಮ್ಮ ಮನೆಗೆ ಮೊದಲ ಬಾರಿ ದುಡ್ಡು ಕೊಟ್ಟು ಕುಸ್ವಾರ್, ಅಂದರೆ ನಾವು ಕಥೋಲಿಕರು ಕ್ರಿಸ್ಮಸ್‌ಗೆ ಮಾಡಿ ಹಂಚುವ ತಿಂಡಿಗಳನ್ನು, ತಂದೆ. ಮಂಗಳೂರಿನದೇ ಬೇಕರಿ, ಹೆಸರು ಬೇಡ. ಒಂದು ಕಿಲೋ ಬಾಕ್ಸಿಗೆ 950 ರೂಪಾಯಿ.

ಚಕ್ಕುಲಿ ಗರಿಗರಿಯಾಗಿತ್ತು, ಹಳೆ ಎಣ್ಣೆಯ ವಾಸನೆ ಇರಲಿಲ್ಲ. ಗುಲಾಬಿ ಹೂವಿನಂಥ ಕೊಕ್ಕಿಸಾಂ ಒಂದೂ ಮುರಿದಿರಲಿಲ್ಲ, ತೆಂಗಿನ ಹಾಲಿನ ಪರಿಮಳವೂ ಇತ್ತು. ಪ್ಯಾಕಿಂಗ್ ಗಟ್ಟಿ.

ಕರಿಗಡುಬಿನಂಥ ನೆವ್ರಿ ಕಚ್ಚಿದಾಗ ಬೇಸರವಾಯಿತು. ಎಳ್ಳಿಲ್ಲ, ಏಲಕ್ಕಿ ಇಲ್ಲ, ಬರೀ ಒಣ ತೆಂಗಿನತುರಿ, ಸಕ್ಕರೆ. ಕಿಡ್ಯೊ ನೋಡಿ ಇನ್ನೂ ಬೇಸರ. ಮನೆಯಲ್ಲಿ ಮೈದಾದ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ ಸುರುಳಿ ಮಾಡುತ್ತೇವೆ. ಆ ಗೆರೆಗಳ ಸಂದಿನಲ್ಲೇ ಸಕ್ಕರೆ ಪಾಕ ಹಿಡಿದು ನಿಲ್ಲುವುದು. ಬಾಕ್ಸಿನ ಕಿಡ್ಯೊಗೆ ಗೆರೆಯೇ ಇಲ್ಲ. ಪಾಕವೆಲ್ಲ ಉದುರಿ ತಳದಲ್ಲಿ ಪುಡಿಯಾಗಿ ಬಿದ್ದಿತ್ತು. ಅಕ್ಕಿ ಹಿಟ್ಟಿನ ಸಣ್ಣ ಕರಿದ ಉಂಡೆ ಗುಳಿಯೊ ಇರಲೇ ಇಲ್ಲ, ಅದರ ಜಾಗದಲ್ಲಿ ನಾಲ್ಕು ಬ್ರೌನಿ. ಕೇಳಿದ್ದಕ್ಕೆ ಕೌಂಟರಿನ ಹುಡುಗ, "ಈಗ ಎಲ್ಲರೂ ಅದನ್ನೇ ಕೇಳುದು ಅಕ್ಕ" ಅಂದ. ಅವನದು ತಪ್ಪಲ್ಲ.

ಮುಚ್ಚಳದ ಮೇಲೆ ಹಿಮ, ಜಾರುಬಂಡಿ, ಸಾಂತಾ. ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಎಲ್ಲೂ ಇಲ್ಲ. ಸಾಂತಾನ ಮೂಲವಾದ ಸಂತ ನಿಕೊಲಾಸ್ 4ನೇ ಶತಮಾನದಲ್ಲಿ ಮೈರಾ ಊರಿನ ಬಿಷಪ್ ಆಗಿದ್ದವರು, ಬಡವರಿಗೆ ಗುಟ್ಟಾಗಿ ಕೊಡುತ್ತಿದ್ದರೆಂದು ನಾವು ಚಿಕ್ಕವರಿದ್ದಾಗಿನಿಂದ ಕೇಳಿದ ಕಥೆ. ಅವರ ಹಬ್ಬ ಡಿಸೆಂಬರ್ 6ಕ್ಕೆ. ಈ ಅಂಗಡಿಯಲ್ಲಿ ನವೆಂಬರ್ ಮೊದಲ ವಾರಕ್ಕೇ ಸಾಂತಾ ಆಫರ್ ಬೋರ್ಡ್ ಹಿಡಿದು ನಿಂತಿದ್ದ. ನಮಗೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಆದಿತ್ಯವಾರ ಆಗಮನ ಕಾಲ, ಕಾಯುವ ಕಾಲ. ಗೋದಲಿಗೆಂದು ತಟ್ಟೆಯಲ್ಲಿ ರಾಗಿ ಬಿತ್ತಿ, ಮೊಳಕೆ ಎಷ್ಟು ಬಂತೆಂದು ದಿನಾ ಬೆಳಿಗ್ಗೆ ನೋಡುತ್ತಿದ್ದೆವು. ಕುಸ್ವಾರ್ ಡಬ್ಬಿ ಅಟ್ಟದ ಮೇಲೆ. ಕ್ರಿಸ್ಮಸ್ ರಾತ್ರಿ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬಲಿಪೂಜೆ ಮುಗಿಸಿ ಬರುವ ತನಕ ಅಮ್ಮ ಒಂದು ತುಂಡೂ ಕೊಡುತ್ತಿರಲಿಲ್ಲ. ನವೆಂಬರಿನಲ್ಲೇ ತಿಂದು ಮುಗಿಸಿದ ಮಕ್ಕಳಿಗೆ ಆ ರಾತ್ರಿಯ ಡಬ್ಬಿಯ ಸದ್ದು ಹೇಗೆ ಗೊತ್ತಾಗಬೇಕು? ನನಗೆ ಸಂಕಟವಾಗುವುದು ಅದಕ್ಕೆ.

ಪಕ್ಕದ ಶೆಟ್ರ ಮನೆಗೆ ಬಾಕ್ಸನ್ನು ಹಾಗೇ ಕೊಡಲು ಅಮ್ಮ ಒಪ್ಪಲಿಲ್ಲ. "ತಟ್ಟೆ ಕೊಡದಿದ್ರೆ ಅವರು ವಾಪಸ್ ಏನು ಕೊಡುದು?" ನಮ್ಮ ತಟ್ಟೆ ಅಲ್ಲಿಂದ ಯಾವತ್ತೂ ಖಾಲಿ ಬಂದದ್ದಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರುತ್ತದೆ. ಕೊನೆಗೆ ಅರ್ಧ ಕಿಲೋ ಮೈದಾ ಕಲಸಿದೆ. ಅಮ್ಮ ಕುರ್ಚಿಯಲ್ಲಿ ಕೂತು ಬಾಚಣಿಗೆ ಹಿಡಿದರು, ಕರಿದದ್ದು ನಾನು. ಬಾಕ್ಸಿನ ಚಕ್ಕುಲಿ, ಕೊಕ್ಕಿಸಾಂ ಜೊತೆ ಅದನ್ನೂ ತಟ್ಟೆಗಿಟ್ಟು ಬಟ್ಟೆ ಮುಚ್ಚಿ ಕೊಟ್ಟು ಬಂದೆ.

ದುಬೈಗೋ ಕುವೈತಿಗೋ ಕಳಿಸುವುದಿದ್ದರೆ ಈ ಬಾಕ್ಸ್ ತಗೊಳ್ಳಿ, ಮುರಿಯದೆ ತಲುಪುತ್ತದೆ. ನೆರೆಮನೆಗೆ ಹಂಚಲಿಕ್ಕಾದರೆ ನಿಮ್ಮ ಇಗರ್ಜಿಯ ಆಸುಪಾಸಿನಲ್ಲಿ ಮನೆಯಲ್ಲೇ ಮಾಡಿಕೊಡುವ ಹೆಂಗಸರನ್ನು ವಿಚಾರಿಸಿ. ನಾನು ಮುಂದಿನ ವರ್ಷಕ್ಕೆ ಒಬ್ಬರಿಗೆ ಈಗಲೇ ಹೇಳಿಟ್ಟಿದ್ದೇನೆ, ಕಿಡ್ಯೊ ಒಂದು ಬಿಟ್ಟು.