ಒಂದೇ ಮೊಹೆಂಜೊದಾರೊ, ಮೂರು ಕಥನಗಳು

ಮೈಸೂರಿನ ಸರಸ್ವತಿಪುರಂನಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಓದುಗರ ಬಳಗದಲ್ಲಿ, ಪ್ರಾಚೀನ ನಾಗರಿಕತೆಯೊಂದರ ದಿನನಿತ್ಯದ ಬದುಕನ್ನು ಯಾವ ಬಗೆಯ ಕಥನ ಹೆಚ್ಚು ನಂಬುವಂತೆ ಕಟ್ಟಿಕೊಡುತ್ತದೆ ಎಂಬ ಚರ್ಚೆ ಎದ್ದಿತು. ವಾದಕ್ಕಿಂತ ಪ್ರಯೋಗವೇ ಮೇಲೆಂದು, ಸಿಂಧೂ ನಾಗರಿಕತೆಯ ನಗರವಾದ ಮೊಹೆಂಜೊದಾರೊದ, ಕ್ರಿಸ್ತಪೂರ್ವ 2500ರ ಸುಮಾರಿನ ಒಂದು ದಿನವನ್ನು ನಾನು ಮೂರು ರೀತಿಯಲ್ಲಿ ಬರೆದು ಬಳಗದ ಮುಂದೆ ಓದಿದೆ: ಅರಸನ ಕಥೆಯಾಗಿ, ಉತ್ಖನನಕಾರನ ಕಥೆಯಾಗಿ, ಮಣಿ ಕೊರೆಯುವವರ ಮನೆಯ ಕಥೆಯಾಗಿ.

ಅರಸನ ಕಥೆ ಬಹು ಬೇಗ ಮುಗಿಯಿತು. ಆಸ್ಥಾನ, ಮಂತ್ರಿ, ಒಳಸಂಚು ತಾವಾಗಿಯೇ ಒದಗಿ ಬಂದವು. ಆದರೆ ಬಂದದ್ದು ನಾವು ಓದಿ ಬೆಳೆದ ಹೊಯ್ಸಳ, ವಿಜಯನಗರಗಳ ಕಥೆಗಳಿಂದ. ಮೊಹೆಂಜೊದಾರೊದಲ್ಲಿ ಅರಮನೆಯೆಂದು ಖಚಿತವಾಗಿ ಹೇಳಬಹುದಾದ ಕಟ್ಟಡ ದೊರೆತಿಲ್ಲ. ಪುರೋಹಿತ ರಾಜನೆಂದು ಹೆಸರಾದ ಮೂರ್ತಿಯ ಎತ್ತರ ಸುಮಾರು 17.5 ಸೆಂಟಿಮೀಟರ್, ಆ ಹೆಸರೂ ನಮ್ಮ ಕಾಲದವರು ಇಟ್ಟದ್ದು. ನಾನು ಅರಸನ ರಥಕ್ಕೆ ಕುದುರೆ ಕಟ್ಟಿದ್ದೆ. ಸಿಂಧೂ ಮುದ್ರೆಗಳಲ್ಲಿ ಗೂಳಿ, ಆನೆ, ಹುಲಿ, ಖಡ್ಗಮೃಗಗಳು ಕಾಣುತ್ತವೆಯೇ ಹೊರತು ಕುದುರೆಯಲ್ಲ ಎಂದು ಬಳಗದ ಹಿರಿಯರೊಬ್ಬರು ನೆನಪಿಸಿದ ಮೇಲೆ ಆ ಪುಟವನ್ನೇ ತೆಗೆದುಹಾಕಿದೆ.

ಉತ್ಖನನಕಾರನ ಕಥೆ ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ತಿರುಮಕೂಡಲು ನರಸೀಪುರದ ನವಶಿಲಾಯುಗದ ನೆಲೆಯ ಉತ್ಖನನದ ವಿಷಯ ಬಲ್ಲ ಆ ಹಿರಿಯರಿಗೆ ಇದೇ ಹಿಡಿಸಿತು. ನನಗೆ ಮಾತ್ರ ಅದರಲ್ಲಿ ಮಣ್ಣು ಸಿಕ್ಕಿತು, ಮನುಷ್ಯರು ಸಿಗಲಿಲ್ಲ.

ಮಣಿಯ ಮನೆಯ ಕಥೆಗೆ ಎರಡು ತಿಂಗಳು ಹಿಡಿಯಿತು. ಕಾರ್ನೀಲಿಯನ್ ಕಲ್ಲನ್ನು ಕಾಯಿಸಿ ಕೆಂಪೇರಿಸಿ, ಅದಕ್ಕಿಂತ ಗಟ್ಟಿಯಾದ ಕಲ್ಲಿನ ಮೊನೆಯಿದ್ದ ಬೈರಿಗೆಯಿಂದ ತೂತು ಕೊರೆಯುತ್ತಿದ್ದರು. ಇಂದಿನ ಸಂಶೋಧಕರು ಅದೇ ವಿಧಾನವನ್ನು ಪರೀಕ್ಷಿಸಿದಾಗ ಗಂಟೆಗೆ ಸುಮಾರು 2.5 ಮಿಲಿಮೀಟರ್ ಆಳವಷ್ಟೇ ಕೊರೆಯಲು ಸಾಧ್ಯವಾಯಿತು. ಈ ಒಂದು ಸಂಗತಿಯೇ ಕಥೆಯ ನಡಿಗೆಯನ್ನು ನಿಧಾನಗೊಳಿಸಿತು: ಉದ್ದನೆಯ ಮಣಿಯೊಂದಕ್ಕೆ ಹಲವು ದಿನ ಕೂರುವ ಮಗ, ಕೊನೆಯ ಗಳಿಗೆಯಲ್ಲಿ ಅದು ಸೀಳಿದರೆ ಮಾತಾಡದೆ ಇನ್ನೊಂದು ಕಲ್ಲು ಎತ್ತಿಕೊಡುವ ತಾಯಿ. ಅಡುಗೆಯ ಭಾಗದಿಂದ ಆ ಕಾಲಕ್ಕೆ ಇಲ್ಲಿ ಇರದಿದ್ದ ಮೆಣಸಿನಕಾಯಿಯನ್ನು ತೆಗೆದು ಗೋಧಿ, ಬಾರ್ಲಿ, ಎಳ್ಳು ಉಳಿಸಿಕೊಂಡೆ.

ಹೆಸರುಗಳದ್ದು ಬೇರೆಯೇ ಕಷ್ಟ. ಅವರ ಲಿಪಿಯನ್ನು ಇನ್ನೂ ಒಮ್ಮತದಿಂದ ಓದಲಾಗಿಲ್ಲ. ಸಂಸ್ಕೃತದ ಹೆಸರಿಟ್ಟರೂ ದ್ರಾವಿಡ ಹೆಸರಿಟ್ಟರೂ ವಿದ್ವಾಂಸರು ಇಂದಿಗೂ ಕೇಳುತ್ತಿರುವ ಪ್ರಶ್ನೆಗೆ ಕಥೆಗಾರನೇ ಕದ್ದುಮುಚ್ಚಿ ಉತ್ತರ ಕೊಟ್ಟಂತಾಗುತ್ತದೆ. ಆದ್ದರಿಂದ ಎಲ್ಲರನ್ನೂ ಅವ್ವ, ಅಣ್ಣ, ಅಜ್ಜಿ ಎಂಬ ಸಂಬಂಧದಿಂದಲೇ ಕರೆದೆ. ಅರಸನ ಕಥೆಯ ‘ಮಹಾಪ್ರಭು’ವಿನ ಮಾತನ್ನು ದೂರ ಕುಳಿತು ಕೇಳಿದವರು, ಅಜ್ಜಿ ಬಂದಾಗ ಹತ್ತಿರ ಸರಿದರು.

ಆದರೂ ಈ ಕಥನಕ್ಕೊಂದು ಕೊರತೆಯಿದೆ. ಉದ್ದ, ಅಗಲ, ದಪ್ಪ 4:2:1ರ ಒಂದೇ ಪ್ರಮಾಣದಲ್ಲಿರುವ ಇಟ್ಟಿಗೆಯನ್ನು ಊರೂರಿಗೂ ನಿಗದಿ ಮಾಡಿದ್ದು ಯಾರು? ಮಣಿ ಕೊರೆಯುವವನ ಹಜಾರದಿಂದ ಅದು ಕಾಣುವುದಿಲ್ಲ, ಅರಸನ ಕಥೆಯಾದರೋ ಆ ಪ್ರಶ್ನೆಯನ್ನು ಕೇಳುತ್ತದೆ. ಅದಕ್ಕೆಂದೇ ಕೊನೆಗೊಂದು ದೃಶ್ಯ ಸೇರಿಸಿದೆ: ಮಗ ಮಣಿಗಳನ್ನು ತೂಗಿಸಲು ಒಯ್ಯುತ್ತಾನೆ, ತಕ್ಕಡಿಯ ಇನ್ನೊಂದು ತಟ್ಟೆಗೆ ಘನಾಕಾರದ ಕಲ್ಲಿನ ಬಟ್ಟು ಬೀಳುತ್ತದೆ. ಅದನ್ನು ಇಡುವ ಕೈ ಮಾತ್ರ ಕಾಣುತ್ತದೆ. ಮುಖವನ್ನು ನಾನು ಬರೆಯಲಿಲ್ಲ.