ಲೇಸರ್ ಪ್ಲೇಯರೋ, ಸೂಜಿಯೋ? ಶಿರಸಿಯ ಹಳೇ ರೆಕಾರ್ಡುಗಳ ಜೊತೆ ಎರಡು ದಿನ

ಶಿರಸಿಯ ಮಳೆ ಗೊತ್ತಲ್ವಾ? ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಅಟ್ಟದ ಮೇಲೆ ಮರದ ಪೆಟ್ಟಿಗೆಯಲ್ಲಿದ್ದ ಅಜ್ಜನ ರೆಕಾರ್ಡುಗಳಿಗೂ ಅದೇ ಗತಿ ಆಗಿತ್ತು. ಎಷ್ಟೋ ಮಳೆಗಾಲ ಕಂಡ ಪ್ಲೇಟುಗಳವು. ಅವನ್ನು ಇನ್ನು ಸೂಜಿಯಲ್ಲಿ ನುಡಿಸಲೇ, ಇಲ್ಲ ಸೂಜಿಯ ಬದಲು ಬೆಳಕಿನಿಂದ ರೆಕಾರ್ಡು ಓದುವ ಲೇಸರ್ ಪ್ಲೇಯರಿಗೆ ಹಣ ಕೂಡಿಡಲೇ ಎಂಬ ಯೋಚನೆ ಒಂದು ವರ್ಷದಿಂದ ತಲೆಯಲ್ಲಿತ್ತು.

ಕಾರವಾರದಲ್ಲಿರುವ ಭಾವ ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ಜಪಾನಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಇಎಲ್‌ಪಿ ಕಂಪನಿಯ ಲೇಸರ್ ಪ್ಲೇಯರ್ ಅವರ ಹತ್ತಿರ ಇದೆ. ಫೋನ್ ಮಾಡಿದೆ. "ಬಾ, ಆದ್ರೆ ರೆಕಾರ್ಡು ತೊಳೆದುಕೊಂಡೇ ಬಾ" ಎಂದರು. ಆರು ರೆಕಾರ್ಡು ತೆಗೆದುಕೊಂಡೆ. ನನ್ನ ಸೂಜಿಯ ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್ ಪ್ಲೇಯರನ್ನೂ ಕಾರಿನ ಡಿಕ್ಕಿಗೆ ಹಾಕಿದೆ. ಆಂಪ್ಲಿಫೈಯರ್, ಸ್ಪೀಕರ್ ಎರಡಕ್ಕೂ ಒಂದೇ ಇದ್ದರೆ ತಾನೇ ಹೋಲಿಕೆಗೆ ಅರ್ಥ? ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ, ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರ ಸೇರಿದೆ.

ಸಿಡಿ ಪ್ಲೇಯರಿನ ಹಾಗೆ ಇದರಲ್ಲೂ ಮುಂದಿನಿಂದ ಟ್ರೇ ಹೊರಗೆ ಬರುತ್ತದೆ. ಒಳಗೆ ಐದು ಲೇಸರ್ ಕಿರಣಗಳಿವೆ. ಎರಡು ಗೆರೆಯ, ಅಂದರೆ ರೆಕಾರ್ಡಿನಲ್ಲಿ ಸದ್ದು ಕೊರೆದಿರುವ ಸಣ್ಣ ಕಾಲುವೆಯ, ಜಾಡು ಹಿಡಿಯುತ್ತವೆ, ಎರಡು ಎಡ-ಬಲದ ಸದ್ದು ಓದುತ್ತವೆ, ಒಂದು ರೆಕಾರ್ಡಿನ ಎತ್ತರ ನೋಡಿಕೊಳ್ಳುತ್ತದೆ. ಸಿಡಿಯ ಹಾಗೆ ಅಂಕೆಗಳಾಗಿ ಬದಲಾಗುವುದಿಲ್ಲ, ಸದ್ದು ಕೊನೆತನಕ ಅನಲಾಗ್. ಭಾವನ ಪ್ಲೇಯರು ಜಪಾನಿನ 100 ವೋಲ್ಟಿನದು, ಹಾಗಾಗಿ ಪಕ್ಕದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಬೇರೆ.

ಮೊದಲು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದೆವು. ಅದನ್ನು ನಾನು ಒಣಬಟ್ಟೆಯಲ್ಲಿ ಒರೆಸಿದ್ದೆ, ಅಷ್ಟೇ. ನನ್ನ ಪ್ಲೇಯರಿನಲ್ಲಿ ಅಲ್ಲೊಂದು ಇಲ್ಲೊಂದು ಚಟ್ ಎಂಬ ಸದ್ದು ಬಿಟ್ಟರೆ ಚೆನ್ನಾಗಿಯೇ ಕೇಳಿತು. ಲೇಸರಿಗೆ ಹಾಕಿದ ಕೂಡಲೇ ಒಲೆಗೆ ಹಸಿ ಕಟ್ಟಿಗೆ ಇಟ್ಟ ಹಾಗೆ ಚಟಪಟ! ಸೂಜಿಗೆ ಭಾರ ಇರುತ್ತದೆ, ಸಣ್ಣ ಧೂಳನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತದೆ. ಬೆಳಕು ಏನನ್ನೂ ತಳ್ಳುವುದಿಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹಾಡಿನ ಜೊತೆ ಓದಿಬಿಡುತ್ತದೆ.

ಭಾವ ಸುಮ್ಮನೆ ಎದ್ದು ಅಡುಗೆಮನೆಗೆ ಹೋದರು. ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರು (ಆಸಿಡ್ ಅಲ್ಲ, ಬರೀ ಡಿಸ್ಟಿಲ್ಡ್ ವಾಟರ್), ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ, ಮೆತ್ತನೆಯ ಬ್ರಶ್. ಲೇಬಲ್ ಮೇಲೆ ಅಂಗೈ ಇಟ್ಟುಕೊಂಡು, ಗೆರೆ ಸುತ್ತುವ ದಿಕ್ಕಿನಲ್ಲೇ ಮೆಲ್ಲಗೆ ಉಜ್ಜಿದರು. ಕಪ್ಪು ನೀರು ಇಳಿಯಿತು. ಬರೀ ಬ್ಯಾಟರಿ ನೀರಿನಲ್ಲಿ ಮತ್ತೊಮ್ಮೆ ತೊಳೆದು, ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. "78ರ ಪ್ಲೇಟಿಗೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡ ಮಾರಾಯ, ಅರಗು ಕರಗಿಹೋಗ್ತದೆ" ಎಂದರು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳಲ್ಲಿ ಇರುವುದು ಶೆಲ್ಯಾಕ್, ಅಂದರೆ ಅರಗು. ಇದನ್ನು ಎಲ್ಲರೂ ನೆನಪಿಡಬೇಕು.

ಸಂಜೆ ಮತ್ತೆ ಹಾಕಿದೆವು. ಈಗ ಕಥೆಯೇ ಬೇರೆ. ಈ ರೆಕಾರ್ಡಿನಲ್ಲಿ ದ್ರುತ್ ತಾನುಗಳು, ಅಂದರೆ ವೇಗದ ಸ್ವರಗಳ ಓಟ, ಮೇಲಿನ ಷಡ್ಜದ ಹತ್ತಿರ ಹೋದಾಗ ದನಿ ಒಡೆದು ಕರಕರ ಎನ್ನುತ್ತಿತ್ತು. ರೆಕಾರ್ಡಿಂಗೇ ಹಾಗೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಲೇಸರಿನಲ್ಲಿ ಆ ಕರಕರ ಇಲ್ಲವೇ ಇಲ್ಲ. ಒಂದೊಂದು ಸ್ವರವೂ ಮಣಿ ಪೋಣಿಸಿದ ಹಾಗೆ ಬಿಡಿಬಿಡಿಯಾಗಿ ಬಂತು. ಮೂರು ಸಲ ಅದೇ ಜಾಗ ಕೇಳಿದೆ. ಅಜ್ಜನ ಕಾಲದ ಸವೆದ ಸೂಜಿ ಗೆರೆಯ ಗೋಡೆಯನ್ನು ಒಂದೇ ಎತ್ತರದಲ್ಲಿ ತಿಂದುಹಾಕಿತ್ತು. ಲೇಸರ್ ಓದುವುದು ಅದಕ್ಕಿಂತ ಮೇಲೆ, ಸೂಜಿ ಮುಟ್ಟದ ಭಾಗವನ್ನು. ಇದಕ್ಕೆ ಯಾವ ಸೂಜಿಯೂ ಸಮ ಅಲ್ಲ ಅಂತ ನನಗೆ ಅನಿಸಿತು.

ಆದರೆ ಉಳಿದ ರೆಕಾರ್ಡುಗಳಲ್ಲಿ ಹಾಗಾಗಲಿಲ್ಲ. ಪಿ.ಬಿ. ಶ್ರೀನಿವಾಸ್ ಹಾಡುಗಳ ಎಲ್‌ಪಿ ಜಾಸ್ತಿ ಸವೆದಿರಲಿಲ್ಲ. ತೊಳೆದ ಮೇಲೆ ನನ್ನ ಪ್ಲೇಯರಿನಲ್ಲೇ ಹೆಚ್ಚು ತುಂಬಿದ ದನಿ ಬಂತು. ತಬಲಾದ ಬಾಯಾಂ, ಅಂದರೆ ಎಡಗೈ ಕಡೆಯ ದಪ್ಪ ದನಿಯ ಡಗ್ಗಾದ, ಸದ್ದು ಎದೆಗೆ ತಾಗಿತು. ಲೇಸರಿನಲ್ಲಿ ಅದೇ ಹಾಡು ಸ್ವಲ್ಪ ತೆಳುವಾಗಿತ್ತು. ಕಳೆದ ವರ್ಷ ಕೊಂಡ ಕೆಂಪು ಬಣ್ಣದ ಹೊಸ ಎಲ್‌ಪಿಯನ್ನು ಲೇಸರ್ ಓದಲೇ ಇಲ್ಲ. ಅದಕ್ಕೆ ಕಪ್ಪು ರೆಕಾರ್ಡೇ ಬೇಕು. ಬಣ್ಣದ ಅಥವಾ ಪಾರದರ್ಶಕ ರೆಕಾರ್ಡಿನಲ್ಲಿ ಕಿರಣ ಸರಿಯಾಗಿ ಹಿಂದೆ ಬರುವುದಿಲ್ಲ. ಈಗಿನ ಮರುಮುದ್ರಣಗಳಲ್ಲಿ ಬಣ್ಣದವೇ ಎಷ್ಟೊಂದು! ಅಜ್ಜನ 78 ಪ್ಲೇಟುಗಳಲ್ಲಿ ಲೇಸರಿಗೆ ಶ್‌ ಎಂಬ ಸದ್ದು ಜಾಸ್ತಿ. ನನ್ನ ಸೂಜಿ ಅವಕ್ಕೆ ತೀರಾ ಸಣ್ಣದು, ಅಗಲ ಸೂಜಿ ಬೇರೆ ಬೇಕು. ಅಲ್ಲಿ ಎರಡೂ ಗೆಲ್ಲಲಿಲ್ಲ.

ದುಡ್ಡಿನ ಮಾತು. ಇಎಲ್‌ಪಿಯ ಲೇಸರ್ ಪ್ಲೇಯರು 1997ರಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ 20,000 ಡಾಲರಿಗೂ ಮೇಲಿತ್ತು. ಇಂಥ ಪ್ಲೇಯರು ಕೆಟ್ಟರೆ ನಮ್ಮ ಜಿಲ್ಲೆಯಲ್ಲಿ ಯಾರಿಗೆ ತೋರಿಸುವುದು? ನನ್ನ ಪ್ಲೇಯರಿನ ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿಯ) ಸೂಜಿಗೆ ಕಂಪನಿ ಹೇಳುವ ಆಯಸ್ಸು ಸುಮಾರು 300 ಗಂಟೆ. ಸವೆದರೆ ಕೈಯಲ್ಲೇ ಎಳೆದು ಹೊಸದನ್ನು ಸಿಕ್ಕಿಸಬಹುದು. ಎಲ್‌ಪಿಯ ಒಂದು ಬದಿ ಮುಗಿಯುವಷ್ಟರಲ್ಲಿ ಸೂಜಿ ಹೆಚ್ಚುಕಡಿಮೆ 400 ಮೀಟರ್ ಗೆರೆ ಉಜ್ಜಿರುತ್ತದೆ. ಅದಕ್ಕೇ ನಾನು ಈಗ ಗಂಟೆಗಳ ಲೆಕ್ಕ ಬರೆದಿಡುತ್ತಿದ್ದೇನೆ. ಸವೆದ ಸೂಜಿ ಏನು ಮಾಡುತ್ತದೆ ಎಂಬುದನ್ನು ಮನ್ಸೂರರ ಆ ತಾನಿನಲ್ಲಿ ಕಣ್ಣಾರೆ ಅಲ್ಲ, ಕಿವಿಯಾರೆ ಕೇಳಿದ್ದೇನಲ್ಲ.

ಹಾಗಾಗಿ ಲೇಸರ್ ಕೊಳ್ಳುವ ಯೋಚನೆ ಬಿಟ್ಟೆ. ಪೆಟ್ಟಿಗೆ ತುಂಬ ಸವೆದ, ಬೇರೆಲ್ಲೂ ಸಿಗದ ಕಪ್ಪು ಎಲ್‌ಪಿಗಳಿದ್ದು, ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಎನ್ನುವವರಿಗೆ ಮಾತ್ರ ಅದು ತಕ್ಕ ಪ್ಲೇಯರು. ನನ್ನ ಹತ್ತಿರ ಅಂಥವು ಒಂಬತ್ತು ಇವೆ. ಮಳೆ ಮುಗಿದು, ಅಡಿಕೆ ಕೊಯ್ಲಿನ ಗಡಿಬಿಡಿ ಇಳಿದ ಮೇಲೆ ಅವನ್ನು ತೊಳೆದು, ಒಣಗಿಸಿ, ಭಾವನ ಮನೆಗೆ ಒಯ್ಯುತ್ತೇನೆ. ಅಕ್ಕ ಈಗಲೇ ಹೇಳಿಟ್ಟಿದ್ದಾಳೆ, ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತರಬೇಕಂತೆ.