ತಪ್ಪಲಿನ ಊರಲ್ಲಿ ಮನೆ ಕೊಳ್ಳುವ ಮುಂಚೆ, ನೀರು ಮತ್ತು ದಾರಿ ಯಾರದ್ದು ಅಂತ ವಿಚಾರಿಸಿ

ಬೆಟ್ಟದ ತಪ್ಪಲಿನ ಸಣ್ಣ ಊರುಗಳಲ್ಲಿ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಪಟ್ಟ ಪಾಡು ಇನ್ನೊಂದು ಕುಟುಂಬ ಪಡಬಾರದು ಅಂತಲೇ ಬರೆಯುತ್ತಿದ್ದೇನೆ.

ನಮ್ಮ ಕ್ರಯಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ. ವಕೀಲರು ನೋಡಿದ್ದರು. ಮನೆಯ ಮೇಲೆ ಸಾಲ ಇರಲಿಲ್ಲ, ಯಾರ ತಕರಾರೂ ಇರಲಿಲ್ಲ, ಅಳತೆ ನಕ್ಷೆಗೆ ಸರಿಯಾಗಿ ಹೊಂದುತ್ತಿತ್ತು. ಹಾಗಿದ್ದೂ ಬೇಸಿಗೆ ಬರುವಷ್ಟರಲ್ಲಿ ನಲ್ಲಿಯಲ್ಲಿ ನೀರು ನಿಂತಿತು. ಅದರ ಬೆನ್ನಿಗೇ ಮನೆಗೆ ಹೋಗುವ ದಾರಿಗೆ ಗೇಟು ಬಿತ್ತು. ವಿಚಾರಿಸಿದಾಗ ಗೊತ್ತಾಗಿದ್ದು ಇಷ್ಟು: ನೀರಾಗಲಿ ದಾರಿಯಾಗಲಿ ಆ ಮನೆಗೆ ಸೇರಿದ್ದೇ ಅಲ್ಲ. ಮನೆ ಮಾರಿದವರಿಗೆ ಊರಿನವರು ಕೊಟ್ಟಿದ್ದ ಸಲುಗೆ ಅದು. ಅವರು ಹೋದರು, ಸಲುಗೆಯೂ ಹೋಯಿತು.

ಪಟ್ಟಣದಲ್ಲಿ ಮನೆ ಕೊಂಡರೆ ನೀರು, ರಸ್ತೆ, ಚರಂಡಿ ಎಲ್ಲಾ ಜೊತೆಗೇ ಬರುತ್ತವೆ. ಬಿಲ್ಲಿನಲ್ಲಿ ಹೆಸರು ಬದಲಾಯಿಸಿದರೆ ಮುಗಿಯಿತು. ತಪ್ಪಲಿನಲ್ಲಿ ಹಾಗಲ್ಲ. ಹತ್ತಿಪ್ಪತ್ತು ಮನೆಗಳ ಊರಿಗೆ ಎಷ್ಟೋ ಕಡೆ ಸರ್ಕಾರದ ಪೈಪೂ ಬಂದಿರುವುದಿಲ್ಲ, ರಸ್ತೆಯೂ ಬಂದಿರುವುದಿಲ್ಲ. ಮೇಲಿನ ಗುಡ್ಡದ ಒರತೆಗೆ ಯಾವುದೋ ಕಾಲದಲ್ಲಿ ನಾಲ್ಕು ಮನೆಯವರು ಸೇರಿ, ಕೈಯಿಂದ ದುಡ್ಡು ಹಾಕಿ ಪೈಪು ಎಳೆದಿರುತ್ತಾರೆ. ದಾರಿ ಯಾರದೋ ಹಿತ್ತಲಲ್ಲಿ ಹಾದಿರುತ್ತದೆ. ಒಬ್ಬರ ಅಂಗಳದ ಮಳೆನೀರು ಇನ್ನೊಬ್ಬರ ಜಮೀನಿನ ಮೇಲೆ ಹರಿದು ಹಳ್ಳ ಸೇರುತ್ತದೆ. ಇದ್ಯಾವುದಕ್ಕೂ ಕಾಗದ ಇರುವುದಿಲ್ಲ. ನಂಟು, ಮಾತು, ಹಳೆಯ ಉಪಕಾರ, ಇವುಗಳ ಮೇಲೆ ನಡೆದುಕೊಂಡು ಹೋಗುತ್ತಿರುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಹೊರಗಿನಿಂದ ಬಂದು ಕೊಳ್ಳುವವರಿಗೆ ಮಾತ್ರ ಇದು ಕಾಣುವುದಿಲ್ಲ. ವಕೀಲರು ನೋಡುವುದು ಕಾಗದವನ್ನು. ಕಾಗದದಲ್ಲೇ ಇಲ್ಲದ್ದು ಅವರ ಕಣ್ಣಿಗಾದರೂ ಹೇಗೆ ಬೀಳಬೇಕು?

ನಮಗೆ ಮನೆ ತೋರಿಸಿದ್ದು ಮಳೆಗಾಲ ಮುಗಿದ ಹೊಸತರಲ್ಲಿ. ಹಿತ್ತಲ ಟ್ಯಾಂಕು ತುಂಬಿ ಹೊರಗೆ ಚೆಲ್ಲುತ್ತಿತ್ತು. ಏಜೆಂಟ್ ಅದರ ಪಕ್ಕದಲ್ಲೇ ನಿಂತು, "ನೋಡಿ ಸರ್, ಗುಡ್ಡದ ನೀರು. ವರ್ಷವಿಡೀ ಹೀಗೇ. ಮೋಟರ್ ಖರ್ಚೂ ಇಲ್ಲ" ಅಂದರು. ಮಾರುವವರೂ ತಲೆಯಾಡಿಸಿದರು. ಬೇಸಿಗೆಯಲ್ಲಿ ಹೇಗೆ ಅಂತ ನಾವು ಬಿಡಿಸಿಯೇ ಕೇಳಿದೆವು. "ನಮಗೆ ಯಾವತ್ತೂ ತೊಂದರೆ ಆಗಿಲ್ಲ" ಅನ್ನುವ ಉತ್ತರ ಬಂತು. ಆ ಮಾತು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ತೊಂದರೆ ಆಗಿರಲಿಲ್ಲ. ಪೈಪು ಎಳೆದ ಮನೆಗಳಲ್ಲಿ ಒಂದು ಅವರ ಹೆಂಡತಿಯ ತವರು. ಒರತೆ ಸಣ್ಣಗಾದಾಗ ಊರಿನವರು ಸರದಿ ಪ್ರಕಾರ ನೀರು ಬಿಟ್ಟುಕೊಳ್ಳುತ್ತಾರೆ. ತವರಿನವರು ತಮ್ಮ ಸರದಿಯಲ್ಲಿ ಒಂದಿಷ್ಟು ನೀರನ್ನು ಮಗಳ ಮನೆಗೆ ಬಿಡುತ್ತಿದ್ದರು. ಇದು ಮಾರುವವರಿಗೂ ಗೊತ್ತಿತ್ತು, ಏಜೆಂಟಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ನೀರು ನಿಂತ ದಿನ ಪೈಪಿನ ಜಾಡು ಹಿಡಿದು ಗುಡ್ಡ ಹತ್ತಿದೆವು. ಪೈಪು ಕವಲೊಡೆಯುವ ಜಾಗದಲ್ಲಿ ಸಾಲಾಗಿ ವಾಲ್ವ್‌ಗಳಿದ್ದವು. ಉಳಿದವಕ್ಕೆಲ್ಲ ತಿರುಗಿಸುವ ಕೆಂಪು ಚಕ್ರ ಇತ್ತು. ನಮ್ಮ ಮನೆ ಕಡೆಯದರ ಚಕ್ರವನ್ನೇ ಬಿಚ್ಚಿಕೊಂಡು ಹೋಗಿದ್ದರು. ಬರೀ ಕಬ್ಬಿಣದ ಕಡ್ಡಿ ನಿಂತಿತ್ತು. ಚಕ್ರ ಕೂತಿದ್ದ ತುದಿ ಮಾತ್ರ ತುಕ್ಕು ಹಿಡಿಯದೆ ಹೊಳೆಯುತ್ತಿತ್ತು. ಇಳಿದು ಬಂದು ತವರುಮನೆಯ ಯಜಮಾನರನ್ನು ಕೇಳಿದೆವು. ಅವರು ಜಗಳಕ್ಕೆ ಬರಲಿಲ್ಲ. ಕೂರಿಸಿ ಮಾತಾಡಿದರು. "ಅಳಿಯ ಅಂತ ಕೊಟ್ಟಿದ್ವಿ. ಮಾರುವಾಗ ನೀರಿನ ವಿಷಯ ಹೇಳಿಯೇ ಮಾರಪ್ಪ ಅಂತಲೂ ಹೇಳಿದ್ವಿ. ನಿಮ್ಮ ಮೇಲೆ ನಮಗೇನೂ ಸಿಟ್ಟಿಲ್ಲ. ಆದ್ರೆ ಇರೋ ನೀರು ನಮಗೇ ಸಾಲಲ್ಲ." ಅವರ ಮೇಲೆ ನನಗೂ ಸಿಟ್ಟಿಲ್ಲ. ಪೈಪು ಅವರ ದುಡ್ಡಿನದು. ಮೋಸ ಮಾಡಿದವರು, ಗೊತ್ತಿದ್ದೂ ಮುಚ್ಚಿಟ್ಟು ಮಾರಿದವರು.

ಏಜೆಂಟಿಗೆ ಫೋನ್ ಮಾಡಿದರೆ "ಒಂದು ಬೋರ್ ಹಾಕಿಸಿಬಿಡಿ" ಅಂದರು. ತಪ್ಪಲಿನಲ್ಲಿ ಅದು ಅಷ್ಟು ಸುಲಭ ಅಲ್ಲ. ಬಹಳ ಕಡೆ ಮೇಲೆ ಮಣ್ಣು ತೆಳ್ಳಗಿರುತ್ತದೆ, ಕೆಳಗೆ ಗಟ್ಟಿ ಬಂಡೆ. ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಬರೀ ಧೂಳು. ಪಕ್ಕದ ಮನೆಯ ಬೋರಿನಲ್ಲಿ ಚೆನ್ನಾಗಿ ನೀರು ಬಿದ್ದಿದೆ ಅಂದಮಾತ್ರಕ್ಕೆ ನಿಮಗೂ ಬೀಳುತ್ತದೆ ಅಂತಿಲ್ಲ. ನಮಗೆ ನೀರು ಸಿಕ್ಕಿತು, ಆದರೆ ಕಡಿಮೆ. ಪಂಪು ಸ್ವಲ್ಪ ಹೊತ್ತು ಓಡಿದರೆ ಗಾಳಿ ಎಳೆಯುತ್ತದೆ, ಮತ್ತೆ ತುಂಬುವ ತನಕ ಕಾಯಬೇಕು. ಹಾಗಾಗಿ ಬೋರ್ ಇರುವ ಮನೆ ತೋರಿಸಿದರೆ ಎಷ್ಟು ಆಳ ಅಂತ ಕೇಳಿ ಸುಮ್ಮನಾಗಬೇಡಿ. ಬೇಸಿಗೆಯ ಕೊನೆಯಲ್ಲಿ ಹಲವು ಗಂಟೆ ಪಂಪು ಓಡಿಸಿ. ನೀರಿನ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮೇಲೆ ಬಂತು ಅಂತ ಅಳೆಸಿ. ಮೇಲಿನ ಮನೆಗಳ ಶೌಚಾಲಯದ ಇಂಗುಗುಂಡಿ ಎಲ್ಲಿದೆ ಅಂತಲೂ ನೋಡಿ. ಕುಡಿಯುವ ನೀರಿಗೂ ಇಂಗುಗುಂಡಿಗೂ ಕನಿಷ್ಠ 30 ಮೀಟರ್ ದೂರ ಇರಬೇಕು ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಬಿರುಕು ಬಿಟ್ಟ ಬಂಡೆಯಲ್ಲಿ ಕೊಳಕು ನೀರು ಸೋಸದೆ ಹಾಗೇ ಹರಿದು ಬರುವುದರಿಂದ ಅಷ್ಟೂ ಸಾಲದು. ಇಳಿಜಾರಿನಲ್ಲಿ ಮೇಲಿನವರ ಗುಂಡಿ ಕೆಳಗಿನವರ ಬಾವಿಗೆ ಸೇರುತ್ತದೆ. ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ.

ದಾರಿಯ ಕಥೆಯೂ ಇದೇ. ಮುಖ್ಯ ರಸ್ತೆಯಿಂದ ಮನೆಗೆ ಬರುವ ಕೊನೆಯ ತುಂಡು ಇನ್ನೊಬ್ಬರ ಜಮೀನು. ಹಳೆಯ ಮಾಲೀಕರಿಗೆ ಅವರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಬೋರ್ ಲಾರಿ ಬಂದು ಅವರ ಬೇಲಿ ಮುರಿದಾಗ ಮಾತು ಬೆಳೆಯಿತು, ಗೇಟು ಬಿತ್ತು. ಬಹಳ ದೇಶಗಳ ಕಾನೂನಿನಲ್ಲಿ ದಾರಿಯ ಹಕ್ಕು ಬೇರೆ, ದಾರಿಯ ಅನುಮತಿ ಬೇರೆ. ಹಕ್ಕು ಜಮೀನಿಗೆ ಸೇರಿರುತ್ತದೆ, ಯಾರು ಕೊಂಡರೂ ಅವರಿಗೆ ಬರುತ್ತದೆ. ಅನುಮತಿ ಮನುಷ್ಯನಿಗೆ ಕೊಟ್ಟದ್ದು, ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. "ಇಷ್ಟು ವರ್ಷದಿಂದ ಇದೇ ದಾರಿಯಲ್ಲಿ ಓಡಾಡ್ತಿದ್ದೀವಿ" ಅಂತ ಮಾರುವವರು ಹೇಳಿದರೆ, ಯಾವ ಕಾಗದದ ಮೇಲೆ ಅಂತ ಕೇಳಿ. ಆಂಬುಲೆನ್ಸ್ ಮನೆ ಬಾಗಿಲಿಗೆ ಬರುತ್ತದೋ ಇಲ್ಲವೋ ಅನ್ನುವುದು ಆ ಕಾಗದದ ಮೇಲೆ ನಿಂತಿದೆ. ಮಳೆಯಲ್ಲಿ ದಾರಿ ಕೊಚ್ಚಿಹೋದರೆ ರಿಪೇರಿ ಯಾರದು ಅನ್ನುವುದೂ ಅದರಲ್ಲೇ ಇರಬೇಕು.

ಹುಡುಕುವಾಗ ಇನ್ನೆರಡು ಊರುಗಳನ್ನೂ ನೋಡಿದ್ದೆವು. ಅವುಗಳ ಬಗ್ಗೆಯೂ ಹೇಳಲೇಬೇಕು. ನಿಮಗೂ ಅಂಥದ್ದೇ ಊರುಗಳನ್ನು ತೋರಿಸುತ್ತಾರೆ.

ಒಂದು ಗುಡ್ಡದ ಬೆನ್ನ ಮೇಲಿನ ಊರು. ಗಾಳಿ, ಬೆಳಕು, ನೋಟ ಎಲ್ಲಾ ಚೆಂದ. ಆದರೆ ಹೊರಗೆ ಹೋಗಲು ಇರುವುದು ಒಂದೇ ರಸ್ತೆ, ಸುತ್ತ ಒಣ ಪೊದೆ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅದರ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅನ್ನುವುದು ಅಗ್ನಿಶಾಮಕದವರು ಇಟ್ಟುಕೊಂಡಿರುವ ಲೆಕ್ಕ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ತಪ್ಪಲಿನಲ್ಲಿ ಪ್ಯಾರಡೈಸ್ ಅಂತ ಊರಿದೆ. ಅದೂ ಬೆಟ್ಟದ ಬೆನ್ನ ಮೇಲಿನ ಊರೇ. 2018ರ ನವೆಂಬರ್ 8ರ ಬೆಳಿಗ್ಗೆ ಹತ್ತಿಕೊಂಡ ಕಾಳ್ಗಿಚ್ಚು ಆ ಊರನ್ನು ಹೆಚ್ಚುಕಡಿಮೆ ಪೂರ್ತಿ ಸುಟ್ಟುಹಾಕಿತು. ಆ ಬೆಂಕಿಯಲ್ಲಿ ಒಟ್ಟು 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಹೊರಬೀಳುವ ರಸ್ತೆಗಳು ಕಾರುಗಳಿಂದ ಕಟ್ಟಿಕೊಂಡು ಕೆಲವರು ಕಾರಿನಲ್ಲೇ ಸುಟ್ಟುಹೋದರು. ಇಂಥ ಜಾಗಗಳಲ್ಲಿ ವಿಮೆಯ ಪರಿಸ್ಥಿತಿಯೂ ಕೇಳಬೇಡಿ. 2023ರಲ್ಲಿ ಅದೇ ರಾಜ್ಯದಲ್ಲಿ ದೊಡ್ಡ ವಿಮಾ ಕಂಪನಿಗಳೇ ಹೊಸ ಮನೆ ಪಾಲಿಸಿ ಕೊಡುವುದನ್ನು ನಿಲ್ಲಿಸಿದವು. ಮನೆ ಮೆಚ್ಚುವ ಮೊದಲು ಆ ವಿಳಾಸ ಕೊಟ್ಟು ವಿಮೆ ಸಿಗುತ್ತದಾ ಅಂತ ಕೇಳಿ. ಭೂಕುಸಿತ ಅದರಲ್ಲಿ ಸೇರಿದೆಯಾ ಅಂತಲೂ ಕೇಳಿ. ಸಾಮಾನ್ಯ ಮನೆ ವಿಮೆಯಲ್ಲಿ ಬಹಳ ಸಲ ಸೇರಿರುವುದಿಲ್ಲ.

ಇನ್ನೊಂದು ಊರು ಹಳ್ಳ ಗುಡ್ಡದಿಂದ ಇಳಿದು ಬಯಲಿಗೆ ಬರುವ ಬಾಯಲ್ಲಿತ್ತು. ಸಮತಟ್ಟು ಜಾಗ, ಒಳ್ಳೆಯ ಮಣ್ಣು, ನೀರೂ ಮೇಲೆಯೇ. ಮೂರರಲ್ಲಿ ಇದೇ ವಾಸಿ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಆ ಜಾಗ ಸಮತಟ್ಟಾಗಿದ್ದು ಹೇಗೆ? ಹಳ್ಳವೇ ಮೇಲಿನಿಂದ ಮಣ್ಣು ಕಲ್ಲು ತಂದು ಹರಡಿ ಮಾಡಿದ್ದು. ಅಲ್ಲಿನ ಹಿತ್ತಲ ಗೋಡೆಗಳನ್ನು ನೋಡಿ. ಕಲ್ಲುಗಳು ನುಣ್ಣಗೆ ಉರುಟಾಗಿರುತ್ತವೆ. ಹಳ್ಳದಿಂದ ದೂರದ ಜಮೀನು ಅಗೆದಾಗಲೂ ಅಂಥದ್ದೇ ಕಲ್ಲು ಸಿಕ್ಕರೆ ಹಳ್ಳ ಹಿಂದೆ ಅಲ್ಲಿಯ ತನಕ ಬಂದಿದೆ ಅಂತ ಲೆಕ್ಕ. ಮತ್ತೆ ಬರಬಹುದು. ವಯನಾಡಿನಲ್ಲಿ 2024ರ ಜುಲೈ 30ರಂದು ಜನ ಮಲಗಿದ್ದಾಗ ಆಗಿದ್ದು ಇದೇ. ಗುಡ್ಡ ಕುಸಿದಿದ್ದು ಎಲ್ಲೋ ಮೇಲೆ. ಮಣ್ಣು, ಬಂಡೆ, ಮರ ಎಲ್ಲಾ ಹೊಳೆಯ ಪಾತ್ರ ಹಿಡಿದು ಕಿಲೋಮೀಟರ್‌ಗಟ್ಟಲೆ ಇಳಿದು ಮುಂಡಕ್ಕೈ, ಚೂರಲ್ಮಲ ಊರುಗಳ ಮೇಲೆ ಬಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೋದಲ್ಲಿ ಮನೆಗಳು ಇಳಿಜಾರಿನ ಮೇಲೂ ಇರಲಿಲ್ಲ, ಹೊಳೆಯ ಆಚೆ ದಡದ ಬಯಲಿನಲ್ಲಿದ್ದವು. 2014ರ ಮಾರ್ಚ್ 22ರಂದು ಈಚೆಯ ಗುಡ್ಡ ಕುಸಿದು ಹೊಳೆ ದಾಟಿ ಅವುಗಳನ್ನು ಮುಚ್ಚಿತು. 43 ಜನ ಸತ್ತರು. ಅದೇ ಗುಡ್ಡ 2006ರಲ್ಲೂ ಕುಸಿದಿತ್ತು. ಅದಕ್ಕೇ ಊರಿನ ಹಿರಿಯರ ಹತ್ತಿರ "ಇಲ್ಲಿ ಮಳೆ ಜಾಸ್ತಿನಾ" ಅಂತ ಕೇಳುವ ಬದಲು "ಈ ಗುಡ್ಡ ಹಿಂದೆ ಯಾವಾಗ ಜರುಗಿತ್ತು" ಅಂತ ಕೇಳಬೇಕು.

ಗುಡ್ಡ ಜರುಗುತ್ತಿದ್ದರೆ ಮನೆಯೊಳಗೂ ಗೊತ್ತಾಗುತ್ತದೆ. ಬೆನ್ನಿನ ಮೇಲಿನ ಊರಲ್ಲಿ ನಾವು ನೋಡಿದ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ಮಲಗುವ ಕೋಣೆಯ ಬಾಗಿಲ ಮೇಲಂಚನ್ನು ಒಂದು ಮೂಲೆಯಲ್ಲಿ ಮಾತ್ರ ಉಜ್ಜಿ ಹೆರೆದಿದ್ದರು, ಹಸಿ ಮರ ಬೆಳ್ಳಗೆ ಕಾಣುತ್ತಿತ್ತು. ಚೌಕಟ್ಟು ಓರೆಯಾಗಿ ಬಾಗಿಲು ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೆ ಹೆರೆದಿದ್ದು. ಹೊರಗೆ ಮರಗಳ ಬುಡ ಕೆಳಮುಖವಾಗಿ ಬಾಗಿ ಆಮೇಲೆ ನೇರ ಎದ್ದಿದ್ದವು. ವಾಲಿದ ಕಂಬ, ಹೊಟ್ಟೆ ಬಿಟ್ಟ ತಡೆಗೋಡೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು, ಹಿಂದೆ ಇಲ್ಲದ ಕಡೆ ನೀರು ಜಿನುಗುವುದು, ಇವೆಲ್ಲ ಒಟ್ಟಿಗೆ ಕಂಡರೆ ಭೂವಿಜ್ಞಾನ ಬಲ್ಲವರನ್ನು ಕರೆಸದೆ ಮುಂದುವರಿಯಬೇಡಿ. ಅವರ ಫೀಸು ದುಬಾರಿ ಅನಿಸಿದರೂ ಕೊಡಿ.

ನೆಟ್‌ವರ್ಕು, ಆಸ್ಪತ್ರೆ, ಶಾಲೆ ಇವನ್ನೆಲ್ಲ ಹೇಗೂ ವಿಚಾರಿಸುತ್ತೀರಿ, ಅದನ್ನು ಹೇಳಲು ಹೋಗುವುದಿಲ್ಲ. ಒಂದು ಮಾತ್ರ ಯಾರೂ ಹೇಳುವುದಿಲ್ಲ: ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಯ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಹೊಗೆಯೂ ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಚಳಿಗಾಲದ ಬೆಳಗಿನ ಹೊತ್ತು ಆ ಊರಿಗೆ ಹೋಗಿ ನೋಡಿ.

ಈಗ ಕೊಳ್ಳಲು ಹೊರಟಿರುವವರಿಗೆ ನನ್ನ ಕೈಮುಗಿದ ವಿನಂತಿ. ಏಜೆಂಟ್ ಜೊತೆಗಿಲ್ಲದೆ ಊರಿಗೆ ಹೋಗಿ. ಆ ಪೈಪಿನ ಮೇಲಿರುವ ಪ್ರತಿ ಮನೆಗೂ ಹೋಗಿ, "ಈ ಮನೆ ನಾವು ಕೊಂಡರೆ ನಮಗೆ ನೀರು ಬಿಡ್ತೀರಾ" ಅಂತ ನೇರವಾಗಿ ಕೇಳಿ. ಜನ ಸುಳ್ಳು ಹೇಳುವುದಿಲ್ಲ, ಅವರಿಗೆ ಹೇಳಬೇಕಾದ ದರ್ದೂ ಇಲ್ಲ. ಹೌದು ಅಂದರೆ ಎಷ್ಟು ನೀರು, ಯಾವ ಹೊತ್ತು, ರಿಪೇರಿಗೆ ಯಾರ ಪಾಲು ಎಷ್ಟು ಅಂತ ಬರೆಸಿ, ಎಲ್ಲರ ಸಹಿ ಹಾಕಿಸಿ ನೋಂದಣಿ ಮಾಡಿಸಿ. ದಾರಿಗೂ ಹಾಗೆಯೇ, ಅದರ ಅಗಲ ಮೀಟರ್‌ನಲ್ಲಿ ಬರೆಸಿ, ಭಾರಿ ವಾಹನ ಬರಬಹುದಾ ಅಂತಲೂ ಬರೆಸಿ. ಇದೆಲ್ಲ ಮಾರುವವರ ಖರ್ಚಿನಲ್ಲಿ, ಕ್ರಯಪತ್ರಕ್ಕೆ ಮುಂಚೆ ಆಗಬೇಕು. "ಆಮೇಲೆ ಮಾಡಿಸಿಕೊಡ್ತೀವಿ" ಅಂದರೆ ಎದ್ದು ಬನ್ನಿ, ಮನೆ ಎಷ್ಟೇ ಚೆನ್ನಾಗಿದ್ದರೂ ಸರಿ.

ನಮ್ಮದು ಸದ್ಯಕ್ಕೆ ಹೀಗಿದೆ. ಗೇಟಿನವರ ಜೊತೆ ಮಾತುಕತೆ ನಡೆದು ದಾರಿಗೆ ಕರಾರು ತಯಾರಾಗುತ್ತಿದೆ, ಅವರು ಕೇಳಿದ ಹಣ ಕೊಡಲು ಒಪ್ಪಿದ್ದೇವೆ. ಮಾರಿದವರಿಗೆ ಮತ್ತು ಏಜೆಂಟಿಗೆ ನೋಟಿಸ್ ಕಳಿಸಿದ್ದೇವೆ. ಇಷ್ಟರ ನಡುವೆ ಅದೇ ಪೈಪಿನ ಕೆಳಗಿನ ಇನ್ನೊಂದು ಮನೆಯನ್ನು ಅದೇ ಏಜೆಂಟ್ ಈಗ ಜನರಿಗೆ ತೋರಿಸುತ್ತಿದ್ದಾರೆ. ಅಲ್ಲೂ ಟ್ಯಾಂಕು ತುಂಬಿದೆ. ನಿಮಗೆ ಯಾರಾದರೂ ತಪ್ಪಲಿನ ಮನೆಯಲ್ಲಿ ತುಂಬಿ ಚೆಲ್ಲುವ ಟ್ಯಾಂಕು ತೋರಿಸಿ ಬೇಗ ಮುಂಗಡ ಕೊಡಿ ಅಂದರೆ, ಅವತ್ತೇ ಕೊಡಬೇಡಿ. ಆ ಟ್ಯಾಂಕಿಗೆ ಬರುವ ಪೈಪು ಹಿಡಿದು ಮೇಲೆ ಹತ್ತಿ, ವಾಲ್ವ್ ಯಾರ ಕೈಯಲ್ಲಿದೆ ಅಂತ ನೋಡಿಕೊಂಡು ಬನ್ನಿ.